ಬಿ.ಪಿ. ಸರಿ ಉಂಟು, ಜನ ಸರಿ ಇಲ್ಲ

ಇದು ನಡೆದದ್ದು. ನಂಬಿ ಎಂದು ನಿಮ್ಮ ಕೈಕಾಲು ಹಿಡಿಯುವ ಉತ್ಸಾಹ ನನಗಿಲ್ಲ. ರಾತ್ರಿ ಪಾಳಿ ಮಾಡಿ ಮಾಡಿ ಉತ್ಸಾಹ ಎಂಬ ಸರಕು ನನ್ನಲ್ಲಿ ತೀರಿಹೋಗಿ ವರ್ಷಗಳಾದವು. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಚೈತನ್ಯ ಬೇಕಾಗುತ್ತದೆ. ಅದೂ ಇಲ್ಲದ ಕಾರಣ ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ.

ನಾನು ಕುವೈತಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಯಂತ್ರ ರಿಪೇರಿಯವನು. ಮಾನಿಟರು, ವೆಂಟಿಲೇಟರು, ಡ್ರಿಪ್ ಪಂಪು... ಇವುಗಳ ಜ್ವರ ನೋಡುವುದು ನನ್ನ ಕೆಲಸ. ಮನುಷ್ಯರ ಜ್ವರ ನೋಡುವವರು ಬೇರೆ. ಊರು ಕಾರ್ಕಳದ ಹತ್ತಿರ. ನಮ್ಮ ಕಡೆಯವರು ನನ್ನನ್ನು ಶೆಟ್ರು ಅನ್ನುತ್ತಾರೆ, ಇಲ್ಲಿಯ ಡಾಕ್ಟರುಗಳು ‘ಮುಹಂದಿಸ್’ ಅನ್ನುತ್ತಾರೆ. ಅರಬ್ಬಿಯಲ್ಲಿ ಹಾಗೆಂದರೆ ಇಂಜಿನಿಯರ್. ನನ್ನದು ಬರೀ ಡಿಪ್ಲೊಮಾ. ಆದರೆ ಪುಕ್ಕಟೆ ಸಿಕ್ಕ ಬಿರುದನ್ನು ತಿರುಗಿಸಿ ಕೊಡುವಷ್ಟು ಪ್ರಾಮಾಣಿಕತೆ ನನಗೆ ಇನ್ನೂ ಬಂದಿಲ್ಲ.

ತುಳುನಾಡಿನವನಾದ್ದರಿಂದ ಭೂತ ಎಂಬ ಶಬ್ದಕ್ಕೆ ಕೈ ಮುಗಿದು ಗೊತ್ತು, ಹೆದರಿ ಗೊತ್ತಿಲ್ಲ. ನಮ್ಮ ಭೂತಗಳಿಗೆ ಗುಡಿ ಇದೆ, ಕೋಲ ಇದೆ, ಎದುರು ನಿಂತು ಮಾತನಾಡುವ ಕ್ರಮ ಇದೆ. ಆ ರಾತ್ರಿ ಐಸಿಯುವಿನ ಆರನೇ ಬೆಡ್ಡಿನ ಪಕ್ಕದಲ್ಲಿ ಇದ್ದದ್ದಕ್ಕೆ ಇಂಥ ಯಾವ ವ್ಯವಸ್ಥೆಯೂ ಇರಲಿಲ್ಲ.

ಮೊದಲು ಜೋಯಿಸರ ಪರಿಚಯ ಮಾಡಿಕೊಡಬೇಕು.

ಹಲವು ದೇಶಗಳ ಆಸ್ಪತ್ರೆಗಳು ಸೇರಿ ಒಂದು ಯೋಜನೆ ಹಾಕಿಕೊಂಡಿದ್ದವು. ಎಲ್ಲರೂ ತಮ್ಮ ತಮ್ಮ ಐಸಿಯುಗಳ ಹಳೆಯ ದಾಖಲೆಗಳನ್ನು ತಂದು ಒಂದೇ ರಾಶಿಗೆ ಸುರಿಯಬೇಕು. ಯಾರ ಬಿ.ಪಿ. ಎಷ್ಟಿತ್ತು, ನಾಡಿ ಎಷ್ಟಿತ್ತು, ಯಾರು ಉಳಿದರು, ಯಾರು ಹೋದರು... ಎಲ್ಲ. ಆ ರಾಶಿಯಿಂದ ಕಂಪ್ಯೂಟರಿಗೆ ಪಾಠ ಹೇಳಬೇಕು. ಕಲಿತ ಮೇಲೆ ಅದು, ಯಾವ ರೋಗಿಯ ಸ್ಥಿತಿ ಕೆಡಲಿದೆ ಎಂಬುದನ್ನು ಕೆಡುವ ಮುಂಚೆಯೇ ಹೇಳಬೇಕು. ಕೃತಕ ಬುದ್ಧಿಮತ್ತೆ ಎಂದು ಅದರ ಶಾಸ್ತ್ರೋಕ್ತ ನಾಮಧೇಯ. ಭವಿಷ್ಯ ಹೇಳುವವರಿಗೆ ನಮ್ಮಲ್ಲಿ ಮೊದಲಿನಿಂದಲೂ ಒಂದು ಹೆಸರಿದೆಯಲ್ಲ, ನಾನು ಅದನ್ನೇ ಇಟ್ಟೆ. ಜೋಯಿಸರು.

ದಾಖಲೆ ಹಂಚುವ ಮೊದಲು ಯಾರ ಗುರುತೂ ಸಿಗದಂತೆ ಮಾಡುತ್ತಾರೆ. ರೋಗಿಯ ಹೆಸರು ಅಳಿಸುತ್ತಾರೆ, ನರ್ಸಿನ ಹೆಸರು ಅಳಿಸುತ್ತಾರೆ, ತಾರೀಕುಗಳನ್ನೆಲ್ಲ ಒಟ್ಟಿಗೆ ಮುಂದಕ್ಕೆ ದೂಡುತ್ತಾರೆ. ಹೀಗಾಗಿ ನಮ್ಮಲ್ಲಿ ಎಂದೋ ತೀರಿಕೊಂಡವರು ಆ ರಾಶಿಯಲ್ಲಿ ಮುಂದಿನ ಶತಮಾನದಲ್ಲೆಲ್ಲೋ ತೀರಿಕೊಳ್ಳುತ್ತಾರೆ. ಚಿತ್ರಗುಪ್ತನ ಕಚೇರಿಯಲ್ಲೂ ಈ ರಿಯಾಯಿತಿ ಇದ್ದಂತಿಲ್ಲ.

ನಮ್ಮಲ್ಲಿ ನಡೆಯುತ್ತಿದ್ದದ್ದು ಮೌನ ಪರೀಕ್ಷೆ. ಜೋಯಿಸರು ಐಸಿಯುವಿನ ಮಾನಿಟರುಗಳನ್ನು ಸದಾ ಗಮನಿಸುತ್ತ ಭವಿಷ್ಯ ನುಡಿಯುತ್ತಿರಬೇಕು, ಆದರೆ ಅದು ಡಾಕ್ಟರಿಗೂ ನರ್ಸಿಗೂ ಗೊತ್ತಾಗಬಾರದು. ಗೊತ್ತಾದರೆ ಅವರು ಏನಾದರೂ ಚಿಕಿತ್ಸೆ ಮಾಡಿಬಿಟ್ಟಾರು. ಆಮೇಲೆ ನುಡಿದದ್ದು ಸರಿಯೋ ತಪ್ಪೋ ತಿಳಿಯುವುದು ಹೇಗೆ? ಆದ್ದರಿಂದ ಅದರ ಪರದೆಯನ್ನು ನೆಲಮಾಳಿಗೆಯ ನನ್ನ ವರ್ಕ್‌ಶಾಪಿನ ಮೂಲೆಯಲ್ಲಿ ಇಟ್ಟರು. ಬೆಡ್ಡಿಗೊಂದು ಪಟ್ಟೆ. ಹಸಿರು, ಹಳದಿ, ಕೆಂಪು. ಪರದೆ ಆರದಂತೆ ನೋಡಿಕೊಳ್ಳುವುದು ಮತ್ತು ಅದರಲ್ಲಿ ಕಂಡದ್ದನ್ನು ಮೇಲೆ ಹೋಗಿ ಹೇಳದಿರುವುದು ನನ್ನ ಕರ್ತವ್ಯ. ಮೌನವ್ರತದ ಜೋಯಿಸರಿಗೆ ಒಬ್ಬ ಮೂಕ ಅರ್ಚಕ.

ಪಕ್ಕದಲ್ಲೇ ರಿಪೇರಿಗೆ ಬಂದ ಹಳೆಯ ಐಸಿಯು ಮಂಚವೊಂದಿತ್ತು. ಅದನ್ನು ರಿಪೇರಿ ಮಾಡದೇ ಇರುವುದರಲ್ಲಿ ನನ್ನ ಹಿತವಿತ್ತು. ರಾತ್ರಿ ಬೆನ್ನು ಚಾಚಲು ಬೇರೆ ಜಾಗ ಇರಲಿಲ್ಲ.

ಯೋಜನೆ ನೋಡಿಕೊಳ್ಳುತ್ತಿದ್ದವರು ಒಬ್ಬ ಲೆಬನಾನಿ ಮೇಡಂ. ಪರದೆ ಜೋಡಿಸಿದ ದಿನ ಅವರು ನನಗೆ ಇಂಗ್ಲಿಷಿನಲ್ಲಿ ಎರಡು ವಿಷಯ ತಿಳಿಸಿಕೊಟ್ಟರು.

ಮೊದಲನೆಯದು: “ಇದಕ್ಕೆ ಕಣ್ಣು ಕಿವಿ ಮಾತ್ರ, ಕೈಯಿಲ್ಲ. ಮಾನಿಟರಿನಿಂದ ಇಲ್ಲಿಗೆ ಅಂಕಿ ಬರುತ್ತದೆ. ಇಲ್ಲಿಂದ ಮಾನಿಟರಿಗೆ ಏನೂ ಹೋಗುವುದಿಲ್ಲ.”

ಎರಡನೆಯದು: “ಬಿ.ಪಿ. ಎಷ್ಟಿತ್ತು ಅನ್ನುವುದಕ್ಕಿಂತ, ಎಷ್ಟು ಸಲ ನೋಡಿದರು ಅನ್ನುವುದರಿಂದಲೇ ಇದು ಹೆಚ್ಚು ಕಲಿತಿದೆ. ನರ್ಸಿಗೆ ಒಳಗೊಳಗೇ ಕಳವಳವಾದರೆ ಸುಮ್ಮನೆ ಕೂರುವುದಿಲ್ಲ. ಮತ್ತೆ ಮತ್ತೆ ನೋಡುತ್ತಾರೆ. ಹೆಸರು ಅಳಿಸಿದೆವು. ಆ ಕಳವಳ ಅಂಕಿಗಳಲ್ಲಿ ಉಳಿದುಬಿಟ್ಟಿದೆ.”

ನನಗೆ ತಟ್ಟನೆ ಸೆಲಿನ್ ಬಾಯಿ ನೆನಪಾದರು.

ಸೆಲಿನ್ ಬಾಯಿ ಮೂಡುಬಿದಿರೆ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಅವರಲ್ಲಿ ಹಿರಿಯ ಹೆಂಗಸರನ್ನು ‘ಬಾಯಿ’ ಎಂದು ಕರೆಯುವುದು ಮರ್ಯಾದೆ. ನಾನು ಸೇರುವ ಮೊದಲೇ ಅವರು ಆ ಐಸಿಯುವಿನ ನರ್ಸು. ಎಷ್ಟು ಜನ ಡಾಕ್ಟರು ಬಂದರೋ ಹೋದರೋ, ರಾತ್ರಿ ಪಾಳಿಯಲ್ಲಿ ಬಾಯಿ ಮಾತ್ರ ಕದಲಲಿಲ್ಲ. ನೆಗಡಿಯ ಪ್ರಕೃತಿ, ಕರವಸ್ತ್ರಕ್ಕೆ ಸದಾ ನೀಲಗಿರಿ ಎಣ್ಣೆ. ಬೆರಳು ಊದಿದ್ದರಿಂದ ಮದುವೆಯ ಉಂಗುರ ಕಳಚಿ ಬರುತ್ತಿರಲಿಲ್ಲ. ಐಸಿಯುವಿನಲ್ಲಿ ಉಂಗುರ ಬಳೆ ಯಾವುದೂ ಕೂಡದೆಂದು ಕಟ್ಟಪ್ಪಣೆ. ಬಾಯಿಯ ಉಂಗುರದ ಮುಂದೆ ಮಾತ್ರ ಆಡಳಿತ ಮಂಡಳಿ ಶರಣಾಗಿತ್ತು.

ಅವರದೊಂದು ಕ್ರಮವಿತ್ತು. ರೋಗಿಯನ್ನು ಮುಟ್ಟುವ ಮೊದಲು ಮಂಚದ ಕಂಬಿಗೆ ಉಂಗುರದಿಂದ ಎರಡು ಸಲ ತಟ್ಟುವುದು. ಟಿಣ್... ಟಿಣ್. ಎಚ್ಚರ ತಪ್ಪಿ ಮಲಗಿದವರಿಗೂ ಹಾಗೆಯೇ.

“ಅವ್ರಿಗೆ ಎಲ್ಲಿ ಕೇಳ್ತದೆ ಬಾಯಿ?” ಎಂದು ನಾನೊಮ್ಮೆ ಕೇಳಿದ್ದೆ.

“ತಟ್ಟದೆ ಯಾರ ಮನೆ ಒಳಗೂ ಹೋಗ್ಬಾರ್ದು ಶೆಟ್ರೇ. ಕೇಳೂದು ಬಿಡೂದು ಅವ್ರಿಗೆ ಬಿಟ್ಟದ್ದು.”

ಇನ್ನೊಂದು ಕ್ರಮ ಬಿ.ಪಿ.ಯದು. ಯಾರಾದರೊಬ್ಬ ರೋಗಿಯ ಮೇಲೆ ಅವರಿಗೆ ಗುಮಾನಿ ಬಂತೆಂದರೆ ಮುಗಿಯಿತು. ಗಂಟೆಗೊಮ್ಮೆ ತಾನಾಗಿ ಬಿ.ಪಿ. ನೋಡುವ ಯಂತ್ರವನ್ನು ನಂಬದೆ ಘಳಿಗೆಗೊಮ್ಮೆ ಗುಂಡಿ ಒತ್ತುವರು. ತೋಳಿನ ಪಟ್ಟಿ ಬುಸ್ಸೆಂದು ಏರುವುದು, ಇಳಿಯುವುದು, ಮತ್ತೆ ಏರುವುದು. ಪಟ್ಟಿಗಳು ಬೇಗ ಹರಿಯುತ್ತಿದ್ದುದರಿಂದ ನನಗೆ ಸಿಟ್ಟು.

“ಬಾಯಿ, ಬಿ.ಪಿ. ಸರಿ ಇದೆಯಲ್ಲ, ಮತ್ತೆ ಎಂತಕ್ಕೆ ಒತ್ತುದು?”

“ಬಿ.ಪಿ. ಸರಿ ಉಂಟು. ಜನ ಸರಿ ಇಲ್ಲ.”

ಜನ ಅಂದರೆ ನಮ್ಮ ಕಡೆ ಆಸಾಮಿ, ಮನುಷ್ಯ. ಅದನ್ನೇ ಮುರುಕು ಇಂಗ್ಲಿಷಿನಲ್ಲಿ ಡಾಕ್ಟರುಗಳಿಗೂ ಹೇಳುವರು. ಹೊಸ ಡಾಕ್ಟರುಗಳು ನಗುತ್ತಿದ್ದರು. ಹಳಬರು ನಗುತ್ತಿರಲಿಲ್ಲ, ಎದ್ದು ಬರುತ್ತಿದ್ದರು.

ನಿವೃತ್ತಿಯಾಗಿ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ರದ್ದು ಮಾಡಿಸಿಕೊಂಡು ಬಾಯಿ ಊರಿಗೆ ಹೋದರು. ವರ್ಷ ತುಂಬುವ ಮೊದಲೇ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಆಸ್ಪತ್ರೆಯ ವಾಟ್ಸಾಪ್ ಗುಂಪಿನಲ್ಲಿ ಮೇಣದಬತ್ತಿಯ ಚಿತ್ರಗಳು ಸಾಲಾಗಿ ಬಂದವು, ಅದರ ಕೆಳಗೆ ಯಾರೋ ಕ್ಯಾಂಟೀನಿನ ಬಿರಿಯಾನಿ ಕೆಟ್ಟಿದೆ ಎಂದು ಹಾಕಿದರು. ಅಲ್ಲಿಗೆ ಖಲಾಸ್.

ಇನ್ನು ಆ ರಾತ್ರಿ.

ಸಂಜೆಯಿಂದಲೇ ಧೂಳು ಎದ್ದಿತ್ತು. ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ಮುಚ್ಚಿದ ಬಾಯಿಯೊಳಗೂ ಮರಳು ಕರಕರ ಎನ್ನುತ್ತಿತ್ತು. ನನ್ನನ್ನು ಬಿಡಿಸಬೇಕಿದ್ದ ಸಹೋದ್ಯೋಗಿ ಶುವೈಖಿನ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಎಂದು ಫೋನ್ ಮಾಡಿದ. ಹಗಲು ಪಾಳಿ ಮುಗಿಸಿದ್ದ ನನಗೇ ರಾತ್ರಿ ಪಾಳಿಯ ಪಟ್ಟಾಭಿಷೇಕವಾಯಿತು. ಕಾಲು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು.

ಆರನೇ ಬೆಡ್ಡಿನಲ್ಲಿದ್ದವರು ನನಗೆ ಹಳೆಯ ಪರಿಚಯದ ಉಸ್ಮಾನಾಕ. ಉಪ್ಪಿನಂಗಡಿಯ ಬ್ಯಾರಿ ಮುಸ್ಲಿಮರು, ರುಮೈಥಿಯಾದಲ್ಲಿ ದಿನಸಿ ಅಂಗಡಿ. ಪಿತ್ತಕೋಶದ ಆಪರೇಶನ್ ಆಗಿತ್ತು. ವಯಸ್ಸು, ಸಕ್ಕರೆ ಕಾಯಿಲೆ, ಬಿ.ಪಿ. ಎಲ್ಲ ಇದ್ದುದರಿಂದ ಒಂದೆರಡು ದಿನ ಐಸಿಯುವಿನಲ್ಲಿ ಕಣ್ಣಿಟ್ಟಿದ್ದರು. ಬೆಳಗಾದರೆ ವಾರ್ಡಿಗೆ, ಅಲ್ಲಿಂದ ಮನೆಗೆ, ಆಮೇಲೆ ಕುವೈತನ್ನು ಪೂರ್ತಿ ಬಿಟ್ಟು ಊರಿಗೆ. ಟಿಕೆಟ್ ಆಗಿತ್ತು.

ಸಂಜೆ ಮಾತನಾಡಿಸಲು ಹೋದಾಗ ಅವರು ಖುಷಿಯಲ್ಲಿದ್ದರು.

“ರಟ್ಟಿನ ಪೆಟ್ಟಿಗೆ ಎಲ್ಲಾ ಕಟ್ಟಿ ಆಗಿದೆ ಶೆಟ್ರೇ. ಹಗ್ಗ ನಾನೇ ಬಿಗಿದದ್ದು. ಇನ್ನು ನಾನೊಬ್ಬ ಪ್ಯಾಕ್ ಆದ್ರೆ ಆಯ್ತು.”

“ಅಂಥ ಮಾತು ಎಂತಕ್ಕೆ ಬ್ಯಾರಿಗಳೇ, ಆಸ್ಪತ್ರೆಯಲ್ಲಿ?”

“ವಿಮಾನಕ್ಕೆ ಅಂತ ಹೇಳಿದ್ದು ಮಾರಾಯ್ರೆ! ನೀವೆಂತ ತಿಳ್ಕೊಂಡದ್ದು?” ನಗಲು ಹೋಗಿ ಹೊಟ್ಟೆ ಹಿಡಿದುಕೊಂಡರು. “ಹೆಂಡ್ತಿಯನ್ನು ಇಷ್ಟು ವರ್ಷ ರಜೆಯಲ್ಲಿ ಮಾತ್ರ ನೋಡಿದ ಜನ ನಾನು. ಇನ್ನು ದಿನಾ ಅವಳ ಬೈಗುಳ ತಿನ್ಬೇಕು ಅಂತ ಒಂದು ಆಸೆ.”

ನಾನು ಕೆಳಗೆ ಹೋಗಿ ಹಳೆಯ ಮಂಚದ ಮೇಲೆ ಬೆನ್ನು ಚಾಚಿದೆ.

ಎಷ್ಟು ಹೊತ್ತಾಯಿತೋ. ಫೋನ್ ಹೊಡೆದುಕೊಂಡಿತು. ಐಸಿಯುವಿನ ರೇಷ್ಮಾ. ಬಂಟ್ವಾಳದ ಹುಡುಗಿ, ಸೆಲಿನ್ ಬಾಯಿ ಹೋದ ಎಷ್ಟೋ ಸಮಯದ ಮೇಲೆ ಸೇರಿದವಳು. ಬಾಯಿಯ ಹೆಸರೂ ಅವಳಿಗೆ ಗೊತ್ತಿರಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ.

“ಶೆಟ್ರೇ, ಒಮ್ಮೆ ಮೇಲೆ ಬನ್ನಿ ಮಾರಾಯ್ರೆ. ಆರನೇ ಬೆಡ್ಡಿನ ಬಿ.ಪಿ. ಪಟ್ಟಿ ತನ್ನಷ್ಟಕ್ಕೆ ಏರ್ತಾ ಉಂಟು.”

“ಗಂಟೆಗೊಮ್ಮೆ ಅಂತ ಇಟ್ಟದ್ದಲ್ವಾ, ಏರ್ತದೆ.”

“ಗಂಟೆಗೊಮ್ಮೆ ಅಲ್ಲ ಶೆಟ್ರೇ... ಇಳಿದ ಕೂಡ್ಲೇ ಏರ್ತದೆ. ನಾನು ಮುಟ್ಲಿಲ್ಲ.”

ಮೇಲೆ ಹೋದೆ. ರಾತ್ರಿಯ ಐಸಿಯು... ದೀಪಗಳನ್ನು ಕುಗ್ಗಿಸಿದ್ದರು. ಯಂತ್ರಗಳ ಸಣ್ಣ ಸಣ್ಣ ಉಸಿರು. ಕಿಟಕಿಯ ಗಾಜಿಗೆ ಹೊರಗಿನಿಂದ ಮರಳು ಸರಸರ ಸವರುತ್ತಿತ್ತು. ಉಸ್ಮಾನಾಕ ಅರೆನಿದ್ದೆಯಲ್ಲಿದ್ದರು.

ಬುಸ್ಸ್... ಪಟ್ಟಿ ಏರಿತು. ಇಳಿಯಿತು. ಮಾನಿಟರಿನಲ್ಲಿ ಅಂಕಿ ಬಂತು. ನಾರ್ಮಲ್.

ಇಳಿದು ಮುಗಿಯುವಷ್ಟರಲ್ಲಿ ಮತ್ತೆ.

ಬುಸ್ಸ್... ನಾರ್ಮಲ್.

ಯಂತ್ರವೇ ತಾನಾಗಿ ನೋಡಿದ್ದಾದರೆ ಅಂಕಿಯ ಪಕ್ಕ ಒಂದು ಗುರುತು ಬರುತ್ತದೆ, ಯಾರಾದರೂ ಗುಂಡಿ ಒತ್ತಿ ನೋಡಿದ್ದಾದರೆ ಇನ್ನೊಂದು. ನೋಡಿದೆ. ಎಲ್ಲವೂ ಗುಂಡಿ ಒತ್ತಿದ್ದು.

ಗುಂಡಿ ಸಿಕ್ಕಿಹಾಕಿಕೊಂಡಿರಬೇಕು ಎಂದು ಇಡೀ ಮಾನಿಟರಿನ ಗುಂಡಿಗಳನ್ನು ಲಾಕ್ ಮಾಡಿದೆ. ಇನ್ನು ಬೆರಳಲ್ಲ, ಸುತ್ತಿಗೆ ತಂದರೂ ಅದು ಕೇಳದು.

ಬುಸ್ಸ್...

“ದೆವ್ವ ಹಿಡಿದ ಹಾಗೆ ಮಾಡ್ತದಲ್ಲ ಶೆಟ್ರೇ,” ಎಂದಳು ರೇಷ್ಮಾ, ನಗುತ್ತ.

“ದೆವ್ವ ಅಲ್ಲ, ಒಳಗಿನ ಬೋರ್ಡು ಹೋಗಿದೆ,” ಎಂದೆ, ನಗದೆ. ಖಾಲಿಯಿದ್ದ ಎಂಟನೇ ಬೆಡ್ಡಿನ ಮಾನಿಟರನ್ನೇ ಬಿಚ್ಚಿ ತಂದು ಆರಕ್ಕೆ ಜೋಡಿಸಿದೆ. ಈ ಯಂತ್ರದಲ್ಲಿ ಏನೂ ದೋಷವಿಲ್ಲವೆಂದು ಹಿಂದಿನ ವಾರವಷ್ಟೇ ನಾನೇ ಪರೀಕ್ಷಿಸಿದ್ದೆ.

ಇಬ್ಬರೂ ನಿಂತು ನೋಡಿದೆವು.

ಬುಸ್ಸ್...

ಆಗಲೇ ಮೂಗಿಗೆ ಬಂದದ್ದು. ಸ್ಯಾನಿಟೈಸರಿನ ಘಾಟಿನ ಅಡಿಯಿಂದ, ತೆಳ್ಳಗೆ... ನೀಲಗಿರಿ ಎಣ್ಣೆ.

“ನೀನು ನೀಲಗಿರಿ ಎಣ್ಣೆ ಹಚ್ಚಿಕೊಂಡಿದ್ದೀಯಾ?” ಎಂದೆ.

“ನಾನು ನಿಮ್ಮನ್ನೇ ಕೇಳ್ಬೇಕು ಅಂತಿದ್ದೆ. ನೀವು ಬರುವ ಮೊದಲೇ ವಾಸನೆ ಇತ್ತು. ಹೊದಿಕೆ ಎತ್ತಿ ಎಲ್ಲಾ ನೋಡಿದೆ, ಎಲ್ಲಿಂದ ಅಂತ ಗೊತ್ತಾಗ್ಲಿಲ್ಲ.”

ನಾನು ಕೆಳಗಿಳಿದೆ. ಜೋಯಿಸರ ಕಡೆಯಿಂದೇನಾದರೂ ಮಾನಿಟರಿಗೆ ಆಜ್ಞೆ ಹೋಗುತ್ತಿದೆಯೇ ನೋಡಬೇಕಿತ್ತು. ತಂತಿ ಪರೀಕ್ಷಿಸಿದೆ. ಮೇಡಂ ಹೇಳಿದ್ದು ನಿಜ. ಅಂಕಿ ಬರುತ್ತಿತ್ತು. ಏನೂ ಹೋಗುತ್ತಿರಲಿಲ್ಲ.

ತಲೆಯೆತ್ತಿ ಪರದೆ ನೋಡಿದೆ. ಎಲ್ಲ ಬೆಡ್ಡುಗಳೂ ಹಸಿರು. ಆರನೆಯದು ಮಾತ್ರ ಕೆಂಪು. ಕಡು ಕೆಂಪು.

ದಣಿದ ತಲೆಗೂ ತರ್ಕ ಇರುತ್ತದೆ. ನನ್ನ ತರ್ಕ ಹೀಗೆ ಹೋಯಿತು: ಯಂತ್ರ ಕೆಟ್ಟಿದೆ, ಸುಮ್ಮಸುಮ್ಮನೆ ಬಿ.ಪಿ. ನೋಡುತ್ತಿದೆ. ಅಷ್ಟು ಸಲ ನೋಡಿದ್ದನ್ನು ಕಂಡು ಜೋಯಿಸರು, ಯಾರೋ ನರ್ಸಿಗೆ ಕಳವಳವಾಗಿದೆ ಎಂದು ಮೋಸಹೋಗಿದ್ದಾರೆ. ಪಟ್ಟಿಯ ಕೊಳವೆ ಕಿತ್ತರೆ ಎಲ್ಲರೂ ತಣ್ಣಗಾಗುತ್ತಾರೆ. ರೇಷ್ಮಾ ಬೆಳಗಿನವರೆಗೆ ಕೈಯಲ್ಲಿ ಬಿ.ಪಿ. ನೋಡಲಿ. ನಾನು ಮಲಗುತ್ತೇನೆ.

ಬಹಳ ಚೆಂದದ ತರ್ಕ. ಮೇಲೆ ಹೋಗಿ ಕೊಳವೆಯನ್ನು ಮಾನಿಟರಿನಿಂದ ಕಿತ್ತೆ.

ಸದ್ದು ನಿಂತಿತು. ಅಬ್ಬ... ಎಂದು ಉಸಿರು ಬಿಟ್ಟೆ. ಕೊಳವೆಯ ತುದಿ ಇನ್ನೂ ನನ್ನ ಕೈಯಲ್ಲೇ ಇತ್ತು.

ಟಿಣ್... ಟಿಣ್.

ಮಂಚದ ಆಚೆ ಬದಿಯ ಕಂಬಿ. ನನ್ನಿಂದ ಒಂದು ತೋಳಿನ ದೂರ. ಅಲ್ಲಿ ಯಾರೂ ಇರಲಿಲ್ಲ.

ನರ್ಸುಗಳ ಮೇಜಿನಿಂದ ರೇಷ್ಮಾಳ ದನಿ, ಸಣ್ಣಗೆ: “ಶೆಟ್ರೇ... ತಟ್ಟಿದ್ದು ನೀವಾ?”

“ಅಲ್ಲ.”

ಅವಳು ಎದ್ದು ಬಂದಳು. ಅಷ್ಟರಲ್ಲಿ ಉಸ್ಮಾನಾಕರ ತೋಳಿನಲ್ಲಿದ್ದ ಪಟ್ಟಿ... ನಿಧಾನಕ್ಕೆ... ಉಬ್ಬತೊಡಗಿತು.

ಯಂತ್ರದವನಾಗಿ ಹೇಳುತ್ತೇನೆ. ಪಂಪಿಗೆ ಸೇರದ ಪಟ್ಟಿ ಏರಲಾರದು. ಕೊಳವೆಯ ಬಾಯಿ ತೆರೆದು ನನ್ನ ಬೆರಳುಗಳ ನಡುವೆ ಇತ್ತು. ಒಳಗೆ ಹೇಗೋ ಗಾಳಿ ಸೇರಿದರೂ ಇಲ್ಲಿಂದ ಹೊರಗೆ ಬರಬೇಕು. ನನ್ನ ಬೆರಳಿಗೆ ಒಂದು ಚೂರು ಗಾಳಿಯೂ ತಾಗಲಿಲ್ಲ. ಪಟ್ಟಿ ಏರಿತು. ಬಿಗಿಯಿತು. ಯಾರೋ ಅಂಕಿ ಓದಿಕೊಳ್ಳುವಷ್ಟು ಹೊತ್ತು ಹಾಗೆಯೇ ನಿಂತಿತು. ಆಮೇಲೆ ಇಳಿಯಿತು.

ನಿದ್ದೆಗೆಟ್ಟ ಕಣ್ಣಿಗೆ ಏನು ಬೇಕಾದರೂ ಕಾಣುತ್ತದೆ ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳಿಕೊಳ್ಳುತ್ತಿದ್ದೆ. ಆದರೆ ಪಕ್ಕದಲ್ಲಿದ್ದ ರೇಷ್ಮಾ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು. ಅವಳಿಗೂ ಕಂಡಿತ್ತು.

“ಡಾಕ್ಟರಿಗೆ ಫೋನ್ ಮಾಡು,” ಎಂದೆ.

“ಎಂತ ಹೇಳಿ? ಬಿ.ಪಿ. ಸರಿ ಉಂಟು, ನಾಡಿ ಸರಿ ಉಂಟು, ಆಕ್ಸಿಜನ್ ಸರಿ ಉಂಟು. ಈ ಹೊತ್ತಿನಲ್ಲಿ ಎಬ್ಬಿಸಿ ಪಟ್ಟಿ ಏರ್ತದೆ ಅಂತ ಹೇಳ್ಲಾ? ನನ್ನ ಕೆಲ್ಸ ಹೋಗ್ತದೆ ಶೆಟ್ರೇ.”

ಅವಳು ಹೇಳಿದ್ದು ಸರಿ. ನನ್ನ ಬಳಿ ಹೇಳಲು ಎರಡು ವಿಷಯಗಳಿದ್ದವು. ಕೆಂಪು ಪಟ್ಟೆಯ ವಿಷಯ ಹೇಳಕೂಡದು, ಯೋಜನೆಯ ನಿಯಮ. ಉಂಗುರದ ವಿಷಯ ಹೇಳಲಾಗದು, ಮಾನದ ಪ್ರಶ್ನೆ. ಉಸ್ಮಾನಾಕರ ಮುಖ ನೋಡಿದೆ. ನಿದ್ದೆಯಲ್ಲಿ ಹುಬ್ಬು ಗಂಟಿಕ್ಕಿತ್ತು. ಕಟ್ಟಿಟ್ಟ ಪೆಟ್ಟಿಗೆಗಳು, ತಿನ್ನಬೇಕಾಗಿದ್ದ ಬೈಗುಳ...

ಫೋನ್ ನಾನೇ ತೆಗೆದುಕೊಂಡೆ.

ರಾತ್ರಿ ಪಾಳಿಯ ಡಾಕ್ಟರ್ ತಾರೆಕ್ ಈಜಿಪ್ಟಿನವರು, ಹಳಬರು. ನಿದ್ದೆಗಣ್ಣಿನ ದನಿ. “ಏನು ಮುಹಂದಿಸ್? ಯಂತ್ರ ಕೆಟ್ಟರೆ ನನಗೇಕೆ ಫೋನು?”

ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ. ಆರನೇ ಬೆಡ್ಡು ಎಂದೆ. ಆಮೇಲೆ ಮುರುಕು ಇಂಗ್ಲಿಷಿನಲ್ಲಿ, ಬಾಯಿ ಹೇಳುತ್ತಿದ್ದ ಹಾಗೆಯೇ, “ಬಿ.ಪಿ. ಸರಿ ಇದೆ ಡಾಕ್ಟರ್. ಮನುಷ್ಯ ಸರಿ ಇಲ್ಲ.”

ಆ ಕಡೆ ಮಂಚ ಕಿರುಗುಟ್ಟಿತು, ಡಾಕ್ಟರು ಎದ್ದು ಕೂತಿರಬೇಕು. ಮರಳಿನ ಸರಸರ.

“...ಇದನ್ನು ಯಾರು ಹೇಳಿದ್ದು?”

“ನಾನು.”

“ನೀನಲ್ಲ,” ಎಂದರು ಡಾಕ್ಟರು. “ಬಂದೆ.”

ಬಂದವರು ಮಾನಿಟರಿನತ್ತ ತಿರುಗಿಯೂ ನೋಡಲಿಲ್ಲ. ಉಸ್ಮಾನಾಕರ ಹೊಟ್ಟೆಯ ಮೇಲೆ ಕೈಯಿಟ್ಟರು, ಕಣ್ಣ ರೆಪ್ಪೆ ಎಳೆದು ನೋಡಿದರು, ಸ್ಕ್ಯಾನಿಂಗ್ ಯಂತ್ರ ತರಿಸಿದರು. ಸ್ವಲ್ಪ ಹೊತ್ತಿಗೆ ಅವರ ಬಾಯಿಂದ ಸಣ್ಣದೊಂದು “ಯಾ ಅಲ್ಲಾಹ್” ಹೊರಟಿತು.

ಆಪರೇಶನ್ ಆದ ಜಾಗದಿಂದ ಒಳಗೊಳಗೇ ರಕ್ತ ಒಸರುತ್ತಿತ್ತು. ದೇಹ ತನ್ನೆಲ್ಲ ಶಕ್ತಿ ಹಾಕಿ ಬಿ.ಪಿ.ಯನ್ನು ಎತ್ತಿ ಹಿಡಿದಿತ್ತು. ಅವರು ದಿನವೂ ನುಂಗುತ್ತಿದ್ದ ಮಾತ್ರೆ ನಾಡಿಯನ್ನು ಓಡಗೊಡದೆ ಕಟ್ಟಿಹಾಕಿತ್ತು. ಹೀಗಾಗಿ ಹೊರಗೆ ಎಲ್ಲವೂ ನಾರ್ಮಲ್. ಕುಸಿಯಲು ಶುರುವಾದ ಮೇಲೆ ಹಿಡಿಯುವುದು ಕಷ್ಟವಾಗುತ್ತಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು.

“ಯಲ್ಲಾ, ಯಲ್ಲಾ,” ಎಂದು ಮಂಚವನ್ನು ಆಪರೇಶನ್ ಥಿಯೇಟರಿಗೆ ತಳ್ಳಿಕೊಂಡು ಹೋದರು. ಮಂಚ ಬಾಗಿಲು ದಾಟುತ್ತಲೇ ನೀಲಗಿರಿಯ ವಾಸನೆ ಹೋಯಿತು. ನಿಧಾನಕ್ಕಲ್ಲ. ಯಾರೋ ಕರವಸ್ತ್ರ ಮಡಚಿ ಜೇಬಿಗೆ ಹಾಕಿಕೊಂಡ ಹಾಗೆ.

ಉಸ್ಮಾನಾಕ ಬದುಕಿದರು. ನಾಲ್ಕಾರು ದಿನ ಕಳೆದು ನೋಡಲು ಹೋದಾಗ ಮುಖ ಬಿಳಚಿತ್ತು, ನಾಲಗೆ ಮಾತ್ರ ಎಂದಿನಂತೆ ಇತ್ತು.

“ಶೆಟ್ರೇ, ನಿಮ್ಮ ಆಸ್ಪತ್ರೆ ಬಗ್ಗೆ ಒಂದು ಕಂಪ್ಲೇಂಟ್ ಉಂಟು.”

“ಹೇಳಿ ಬ್ಯಾರಿಗಳೇ.”

“ಆವತ್ತು ರಾತ್ರಿ ಇಡೀ ಒಂದು ನಿಮಿಷ ಮಲಗ್ಲಿಕ್ಕೆ ಬಿಡ್ಲಿಲ್ಲ. ತೋಳು ಹಿಂಡೂದು, ಕಬ್ಬಿಣಕ್ಕೆ ಬಡಿಯೂದು, ತೋಳು ಹಿಂಡೂದು, ಕಬ್ಬಿಣಕ್ಕೆ ಬಡಿಯೂದು. ಆ ನರ್ಸಮ್ಮನಿಗೆ ಉಂಗುರ ತೆಗ್ದಿಟ್ಟು ಡ್ಯೂಟಿಗೆ ಬರ್ಲಿಕ್ಕೆ ಹೇಳಿ ಮಾರಾಯ್ರೆ.”

ಪಕ್ಕದಲ್ಲಿದ್ದ ರೇಷ್ಮಾ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಬೋಳು ಕೈಗಳು.

“ಯಾವ ನರ್ಸು ಉಸ್ಮಾನಾಕ?” ಎಂದೆ.

“ಮುಖ ಎಲ್ಲಿ ನೋಡಿದ್ದು? ಕತ್ತಲೆ. ನೆಗಡಿ ಆದವ್ರ ಹಾಗೆ ಮೂಗು ಎಳೀತಾ ಇದ್ರು.”

ಅವರು ಊರಿಗೆ ಹೋದರು. ಈಗ ದಿನವೂ ಬೈಗುಳ ತಿನ್ನುತ್ತಿದ್ದಾರೆಂದು ಸುದ್ದಿ.

ಆದರೆ ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಲಗುತ್ತಿದ್ದೆ.

ಯೋಜನೆಯ ಮೇಡಂ ಬಂದರು. ಆ ರಾತ್ರಿ ಆರನೇ ಬೆಡ್ಡಿನಲ್ಲಿ ವಿಪರೀತ ಸಲ ಬಿ.ಪಿ. ನೋಡಿದ ದಾಖಲೆ ಇದೆ, ಯಂತ್ರದ ದೋಷ ಎಂದು ನೀವು ಹೇಳಿದರೆ ಅದನ್ನು ತೆಗೆದುಹಾಕುತ್ತೇವೆ ಎಂದರು. ನಾನು ಎರಡೂ ಮಾನಿಟರುಗಳನ್ನು ತಿರುಪು ತಿರುಪು ಬಿಚ್ಚಿ ನೋಡಿ ಆಗಿತ್ತು.

“ದೋಷ ಇಲ್ಲ,” ಎಂದೆ.

“ಹಾಗಾದರೆ ನೋಡಿದ್ದು ಯಾರು?”

“ರಾತ್ರಿ ಪಾಳಿಯ ನರ್ಸು.”

ಸುಳ್ಳಲ್ಲ. “ಹೆಸರು ಬೇಕಾ?” ಎಂದೂ ಕೇಳಿದೆ.

“ಬೇಡ ಬೇಡ,” ಎಂದರು ಮೇಡಂ. “ಹೆಸರು ಹೇಗೂ ಅಳಿಸುತ್ತೇವಲ್ಲ.”

ಆ ರಾತ್ರಿಯೂ ರಾಶಿಗೆ ಸೇರಿತು. ರಾಶಿ ಎಲ್ಲ ಆಸ್ಪತ್ರೆಗಳಿಗೂ ಹೋಯಿತು.

ಯೋಜನೆಯ ತಂತ್ರಜ್ಞರದ್ದು ಆಗಾಗ ಆನ್‌ಲೈನ್ ಮೀಟಿಂಗು ಇರುತ್ತದೆ. ಕಿರುಕಿಟಕಿಗಳಲ್ಲಿ ಬೇರೆ ಬೇರೆ ದೇಶಗಳ ಆಯಾಸದ ಮುಖಗಳು. ಮೊನ್ನೆ ಅಂಥದೊಂದು ಮೀಟಿಂಗಿಗೆ ನಾನು ವರ್ಕ್‌ಶಾಪಿನಲ್ಲೇ, ಆ ಹಳೆಯ ಮಂಚದ ಅಂಚಿಗೆ ಕೂತು, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೆ. ಮಾತು ಮುಗಿದು ಎಲ್ಲರೂ ಹೊರಟರು. ಒಬ್ಬ ಮಾತ್ರ ಉಳಿದ. ದೂರದ ಚಳಿ ದೇಶದ ಆಸ್ಪತ್ರೆಯವನು, ಅವನ ಬೆನ್ನ ಹಿಂದಿನ ಕಿಟಕಿಯಲ್ಲಿ ಹಿಮ ಬೀಳುತ್ತಿತ್ತು. ಇಬ್ಬರೂ ನಮ್ಮದಲ್ಲದ ಇಂಗ್ಲಿಷಿನಲ್ಲಿ ಮಾತನಾಡಿದೆವು.

“ಒಂದು ಪ್ರಶ್ನೆ,” ಎಂದ. ದನಿ ತಗ್ಗಿಸಿದ. “ನಗಬೇಡ. ನಿಮ್ಮಲ್ಲಿ ಬಿ.ಪಿ. ಪಟ್ಟಿಗಳು ತಾವಾಗಿ ಏರುವುದು... ಯಾವಾಗಲಾದರೂ ಆಗಿದೆಯೇ?”

ನಾನು ಪರದೆಯ ಹತ್ತಿರಕ್ಕೆ ಬಾಗಿದೆ.

“ಹೊಸ ದಾಖಲೆ ಸೇರಿಸಿ ಕಲಿಸಿದ ಮೇಲೆ ಶುರುವಾಗಿದೆ. ಕೆಲವು ರಾತ್ರಿ, ಕೆಲವು ರೋಗಿಗಳಿಗೆ ಮಾತ್ರ. ಮತ್ತೆ ನಮ್ಮ ನರ್ಸುಗಳು ಹೇಳುತ್ತಾರೆ... ಮಂಚದ ಕಂಬಿ ಸದ್ದು ಮಾಡುತ್ತದಂತೆ. ಎರಡು ಸಲ.”

ಹೌದು ಎಂದರೆ ಏನಾಗುತ್ತಿತ್ತು? ಕಾರಣ ಹುಡುಕುತ್ತಾರೆ. ಸಿಗದಿದ್ದರೆ ಆ ರಾತ್ರಿಯ ದಾಖಲೆಯನ್ನೇ ಅಳಿಸುತ್ತಾರೆ. ಅಷ್ಟು ದೂರದ ಯಾವುದೋ ಆರನೇ ಬೆಡ್ಡಿನಲ್ಲಿ ಯಾರೋ ಮಲಗಿರುತ್ತಾರೆ, ಅವರ ಪೆಟ್ಟಿಗೆಯೂ ಎಲ್ಲೋ ಕಟ್ಟಿ ಇಟ್ಟಿರುತ್ತದೆ.

“ಇಲ್ಲ,” ಎಂದೆ. “ನಮ್ಮಲ್ಲಿ ಏನೂ ಇಲ್ಲ.”

ಅವನು ತಲೆಯಾಡಿಸಿದ. ಕರೆ ಮುಗಿಸಲು ಕೈ ಚಾಚಿದವನು ಅಲ್ಲೇ ನಿಲ್ಲಿಸಿದ. ಹುಬ್ಬು ಗಂಟಿಕ್ಕಿ, ಕಿವಿಯ ಹೆಡ್‌ಫೋನನ್ನು ಒತ್ತಿ ಹಿಡಿದುಕೊಂಡ.

“ಮತ್ತೆ... ಈಗ ನಿನ್ನ ಕಡೆಯಿಂದ ಬಂದ ಆ ಸದ್ದು ಯಾವುದು?”

ನನಗೂ ಕೇಳಿಸಿತ್ತು. ನಾನು ಕೂತಿದ್ದ ಮಂಚದ ಕಂಬಿ. ನನ್ನ ಬೆನ್ನ ಹಿಂದೆ.

ತಿರುಗಿ ನೋಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ. ವರ್ಕ್‌ಶಾಪಿನಲ್ಲಿ ಗ್ರೀಸು, ಸೋಲ್ಡರಿನ ಹೊಗೆ, ಹಳೆಯ ರಬ್ಬರು ಇವುಗಳ ವಾಸನೆ ಮಾತ್ರ ಇರಬೇಕು...

ಸೆಲಿನ್ ಬಾಯಿ ಸುಮ್ಮಸುಮ್ಮನೆ ಯಾರ ಮಂಚವನ್ನೂ ತಟ್ಟಿದವರಲ್ಲ.

ಮಾರನೆಯ ಬೆಳಗ್ಗೆ ಮೇಲೆ ಹೋಗಿ ರೇಷ್ಮಾಳ ಮುಂದೆ ತೋಳು ಚಾಚಿದೆ. ಬಿ.ಪಿ., ನಾಡಿ, ಸಕ್ಕರೆ, ಇಸಿಜಿ ಎಲ್ಲ ನೋಡಿದಳು.

“ಎಲ್ಲಾ ನಾರ್ಮಲ್ ಶೆಟ್ರೇ,” ಎಂದಳು. “ಹೋಗಿ ಮಲಗಿ.”

ನಾರ್ಮಲ್. ಆ ರಾತ್ರಿ ಉಸ್ಮಾನಾಕರದ್ದೂ ನಾರ್ಮಲ್ಲೇ ಇತ್ತು.